ಹುಳುವಿನ ಒಡಲಲ್ಲಿ ರೇಷ್ಮೆ ಹುಟ್ಟುವ ಬಗೆ

ಮಾಗಡಿ ತಾಲ್ಲೂಕಿನ ಕೆಂಪಾಪುರವು 2015ರಲ್ಲಿ ಕೆಂಪೇಗೌಡರ ಸಮಾಧಿ ಪತ್ತೆಯಾದಂದಿನಿಂದ ನಾಡಿಗೆಲ್ಲ ಪರಿಚಿತವಾದ ಊರು. ಈ ಊರನ್ನು ಒಳಗೊಂಡ ಮಾಗಡಿ ಸೀಮೆಗೆ ಇನ್ನೊಂದು ಖ್ಯಾತಿಯೂ ಉಂಟು. ನೆರೆಯ ಕುಣಿಗಲ್ ಸೀಮೆಯಂತೆ ಇದೂ ಮೈಸೂರು ರೇಷ್ಮೆ ತಳಿಯ ಬಿತ್ತನೆ ಗೂಡಿಗೆ ಹೆಸರಾದ ಪ್ರದೇಶ. ಇಲ್ಲಿಂದ ರಾಮನಗರ, ಚನ್ನಪಟ್ಟಣ, ಕನಕಪುರಗಳವರೆಗೆ ಹಿಪ್ಪುನೇರಳೆಯನ್ನೇ ನಂಬಿ ಬದುಕುವ ಕುಟುಂಬಗಳು ಸಾವಿರಾರು. ಅವರು ಬೆಳೆದ ಗೂಡು, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ.

ಮಾರುಕಟ್ಟೆಯಲ್ಲಿ ತೂಕಕ್ಕಿಟ್ಟು ಮಾರುವ ಆ ಗೂಡಿನ ಎಳೆ ರಾಸಾಯನಿಕವಾಗಿ ಏನು? ಅದು ಪ್ರೋಟೀನು. ಹುಳು ತಿನ್ನುವುದು ಹಸಿರು ಸೊಪ್ಪನ್ನು. ಬಿಡುವುದು ನೂರಾರು ಮೀಟರು ಉದ್ದದ, ಕಡಿಯದ ಎಳೆಯನ್ನು. ಇವೆರಡರ ನಡುವೆ ನಡೆಯುವುದೇನು ಎಂಬುದನ್ನು ಅರಿತರೆ ಜೀವಶಾಸ್ತ್ರದ ಒಂದು ಮೂಲಭೂತ ಕ್ರಿಯೆಯನ್ನೇ ಅರಿತಂತೆ. ನಮ್ಮ ರಕ್ತದ ಹಿಮೋಗ್ಲೋಬಿನ್, ಹಸುವಿನ ಹಾಲಿನ ಕೇಸೀನ್, ರಾಗಿ ಕಾಳಿನೊಳಗಿನ ಪ್ರೋಟೀನು, ಇವೆಲ್ಲವೂ ಹುಟ್ಟುವುದು ರೇಷ್ಮೆ ಹುಟ್ಟುವ ರೀತಿಯಲ್ಲಿಯೇ. ವಿಜ್ಞಾನಿಗಳು ಈ ಕ್ರಿಯೆಯನ್ನು 'ಅನುವಾದ' ಎನ್ನುತ್ತಾರೆ. ಅದನ್ನು ನಡೆಸುವ ಯಂತ್ರ ರೈಬೋಸೋಮು; ಸಾಮಗ್ರಿಯನ್ನು ಹೊತ್ತು ತರುವುದು ಸಾಗಣೆ ಆರ್‌ಎನ್‌ಎ.

ಎರಡು ಗ್ರಂಥಿ, ಎರಡು ಪ್ರೋಟೀನು

ರೇಷ್ಮೆ ಹುಳುವಿನ ದೇಹದ ಇಕ್ಕೆಲದಲ್ಲಿ ಒಂದೊಂದು ಉದ್ದವಾದ ರೇಷ್ಮೆ ಗ್ರಂಥಿಯಿದೆ. ಪ್ರತಿಯೊಂದಕ್ಕೂ ಹಿಂಭಾಗ, ನಡುಭಾಗ, ಮುಂಭಾಗ ಎಂಬ ಮೂರು ಭಾಗಗಳು. ಎಳೆಯ ತಿರುಳಾದ ಫೈಬ್ರಾಯಿನ್ ಎಂಬ ಪ್ರೋಟೀನು ತಯಾರಾಗುವುದು ಹಿಂಭಾಗದಲ್ಲಿ. ಅದರ ಮೇಲೆ ಅಂಟಿನಂತೆ ಕೂರುವ ಸೆರಿಸಿನ್ ತಯಾರಾಗುವುದು ನಡುಭಾಗದಲ್ಲಿ. ಎಳೆಯ ತೂಕದಲ್ಲಿ ಸುಮಾರು ನಾಲ್ಕನೇ ಮೂರು ಪಾಲು ಫೈಬ್ರಾಯಿನ್, ಉಳಿದುದರಲ್ಲಿ ಬಹುಪಾಲು ಸೆರಿಸಿನ್. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ಈ ಅಂಟನ್ನು ಮೆತ್ತಗಾಗಿಸಿ ಎಳೆ ಬಿಡಿಸಲಿಕ್ಕಾಗಿಯೇ.

ಮೊಟ್ಟೆಯೊಡೆದು ಬಂದ ಹುಳು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವ ವೇಳೆಗೆ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ. ಜೀವಮಾನದಲ್ಲಿ ಅದು ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಮಿಕ್ಕ ಪಾಲನ್ನು ತಿನ್ನುವುದು ನಾಲ್ಕನೇ ಜ್ವರದ ನಂತರದ ಏಳೆಂಟು ದಿನಗಳಲ್ಲಿ. ಅದೇ ಅವಧಿಯಲ್ಲಿ ರೇಷ್ಮೆ ಗ್ರಂಥಿ ಉಬ್ಬಿ, ಕೊನೆಗೆ ದೇಹದ ತೂಕದ ಶೇಕಡ 40ರಷ್ಟನ್ನು ತಾನೇ ಆಕ್ರಮಿಸುತ್ತದೆ. ವಿಶೇಷವೆಂದರೆ, ಗ್ರಂಥಿ ಹೀಗೆ ಬೆಳೆಯುವುದು ಜೀವಕೋಶಗಳ ಸಂಖ್ಯೆ ಹೆಚ್ಚಿ ಅಲ್ಲ. ಮೊಟ್ಟೆಯೊಳಗಿದ್ದಾಗಲೇ ಕೋಶಗಳ ಸಂಖ್ಯೆ ನಿಗದಿಯಾಗಿರುತ್ತದೆ. ಒಂದು ಗ್ರಂಥಿಯ ಹಿಂಭಾಗದಲ್ಲಿರುವುದು ಸುಮಾರು ಐನೂರು ಕೋಶಗಳು ಮಾತ್ರ. ಅವು ಒಡೆದು ಎರಡಾಗುವ ಬದಲು ತಮ್ಮೊಳಗಿನ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿಕೊಂಡು ದೈತ್ಯಾಕಾರ ತಾಳುತ್ತವೆ.

ಇಷ್ಟು ಸ್ವಲ್ಪ ಕೋಶಗಳು ಅಷ್ಟು ಸ್ವಲ್ಪ ದಿನಗಳಲ್ಲಿ ಅಷ್ಟೊಂದು ಪ್ರೋಟೀನನ್ನು ಹೇಗೆ ಮಾಡುತ್ತವೆ ಎಂಬುದೇ ವಿಜ್ಞಾನಿಗಳನ್ನು ಸೆಳೆದ ಪ್ರಶ್ನೆ.

ಬರಹದಿಂದ ಎಳೆಗೆ

ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಸಾಲಾಗಿ ಪೋಣಿಸಿದ ಸರ. ಮಣಿಗಳಲ್ಲಿ ಇಪ್ಪತ್ತು ಬಗೆ. ಯಾವ ಮಣಿಯ ನಂತರ ಯಾವುದು ಬರಬೇಕೆಂಬ ಕ್ರಮವು ಕೋಶಕೇಂದ್ರದ ಡಿಎನ್‌ಎಯಲ್ಲಿ, ವಂಶವಾಹಿಯ ರೂಪದಲ್ಲಿ ಬರೆದಿರುತ್ತದೆ. ಮೂಲ ದಸ್ತಾವೇಜನ್ನು ಕಚೇರಿಯಿಂದ ಹೊರಗೆ ಕಳುಹಿಸದೆ ನಕಲು ಪ್ರತಿಯನ್ನು ಕೊಡುವಂತೆ, ಕೋಶವೂ ಆ ವಂಶವಾಹಿಯ ನಕಲನ್ನು ತೆಗೆದು ಹೊರಗೆ ಕಳುಹಿಸುತ್ತದೆ. ಈ ನಕಲೇ ಸಂದೇಶವಾಹಕ ಆರ್‌ಎನ್‌ಎ.

ಈ ಬರಹದಲ್ಲಿರುವುದು ಎ, ಯು, ಜಿ, ಸಿ ಎಂದು ಗುರುತಿಸುವ ನಾಲ್ಕೇ ಅಕ್ಷರಗಳು. ಮೂರು ಮೂರು ಅಕ್ಷರ ಸೇರಿ ಒಂದು ಪದ. ಅದಕ್ಕೆ ಕೋಡಾನ್ ಎಂದು ಹೆಸರು. ನಾಲ್ಕು ಅಕ್ಷರಗಳಿಂದ ಇಂಥ 64 ಪದಗಳಾಗುತ್ತವೆ. ಅವುಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸಿದರೆ, ಮೂರು 'ಇಲ್ಲಿಗೆ ನಿಲ್ಲಿಸು' ಎಂಬ ಸೂಚನೆಗಳು. ಮಣಿಗಳು ಇಪ್ಪತ್ತು, ಪದಗಳು 61 ಆದುದರಿಂದ ಹಲವು ಮಣಿಗಳಿಗೆ ಒಂದಕ್ಕಿಂತ ಹೆಚ್ಚು ಪದಗಳುಂಟು. ಈ ನಿಘಂಟನ್ನು ಬಿಡಿಸುವ ಕೆಲಸ 1961ರಲ್ಲಿ ಅಮೆರಿಕದ ಮಾರ್ಷಲ್ ನೈರೆನ್‌ಬರ್ಗ್ ಮತ್ತು ಹೈನ್ರಿಕ್ ಮತ್ತೈ ಅವರ ಪ್ರಯೋಗದಿಂದ ಆರಂಭವಾಯಿತು. ಅದನ್ನು ಪೂರ್ಣಗೊಳಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಪ್ರಮುಖರು. 1968ರ ನೊಬೆಲ್ ಪ್ರಶಸ್ತಿ ನೈರೆನ್‌ಬರ್ಗ್, ಖೊರಾನಾ ಮತ್ತು ರಾಬರ್ಟ್ ಹಾಲಿ ಈ ಮೂವರಿಗೆ ಸಂದಿತು. ಹಾಲಿ ಅವರು 1965ರಲ್ಲಿ ಮೊತ್ತಮೊದಲ ಬಾರಿಗೆ ಒಂದು ಸಾಗಣೆ ಆರ್‌ಎನ್‌ಎಯ ಅಕ್ಷರಕ್ರಮವನ್ನು ಪೂರ್ತಿಯಾಗಿ ಓದಿದವರು. ಅದು ಯೀಸ್ಟಿನ ಅಲನೀನ್ ಎಂಬ ಅಮೈನೋ ಆಮ್ಲವನ್ನು ಹೊರುವ ಅಣು. ರೇಷ್ಮೆಯ ಕಥೆಯಲ್ಲಿ ಅಲನೀನಿನ ಪಾತ್ರ ದೊಡ್ಡದೆಂಬುದನ್ನು ಮುಂದೆ ನೋಡೋಣ.

ಲಾಟಿನ ಸಂಖ್ಯೆಯಂತೆ ಸಾಗಣೆ ಆರ್‌ಎನ್‌ಎ

ಅಮೈನೋ ಆಮ್ಲಕ್ಕೆ ಕೋಡಾನನ್ನು ಓದುವ ಶಕ್ತಿ ಇಲ್ಲ. ಆದುದರಿಂದ ಇವೆರಡರ ನಡುವೆ ಒಬ್ಬ ಮಧ್ಯವರ್ತಿ ಇರಲೇಬೇಕೆಂದು ಫ್ರಾನ್ಸಿಸ್ ಕ್ರಿಕ್ 1955ರಲ್ಲಿಯೇ ಊಹಿಸಿದ್ದರು. ಕೆಲವೇ ವರ್ಷಗಳಲ್ಲಿ ಮ್ಯಾಲನ್ ಹೋಗ್ಲಂಡ್ ಮತ್ತು ಪಾಲ್ ಜಮೆಕ್ನಿಕ್ ಅವರ ತಂಡ ಅದನ್ನು ಕಂಡುಹಿಡಿಯಿತು. ಅದೇ ಸಾಗಣೆ ಆರ್‌ಎನ್‌ಎ. ಸುಮಾರು 76 ಅಕ್ಷರಗಳ ಈ ಪುಟ್ಟ ಅಣು ಮಡಿಚಿಕೊಂಡು ಕೊಡಲಿಯ ಆಕಾರ ತಾಳುತ್ತದೆ. ಅದರ ಒಂದು ತುದಿಯಲ್ಲಿ ಅಮೈನೋ ಆಮ್ಲ ಅಂಟಿಕೊಂಡಿರುತ್ತದೆ. ಇನ್ನೊಂದು ತುದಿಯಲ್ಲಿ ಕೋಡಾನಿಗೆ ಹೊಂದುವ ಮೂರು ಅಕ್ಷರಗಳಿರುತ್ತವೆ, ಅವು ಪ್ರತಿಕೋಡಾನ್. ಯು ಎದುರು ಎ, ಜಿ ಎದುರು ಸಿ ಕೂರುವುದು ಇಲ್ಲಿಯ ನಿಯಮ.

ಗೂಡು ಮಾರುಕಟ್ಟೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಾರುಕಟ್ಟೆಗೆ ಬಂದ ಪ್ರತಿಯೊಂದು ರಾಶಿಗೂ ಒಂದು ಲಾಟಿನ ಸಂಖ್ಯೆ ದೊರೆಯುತ್ತದೆ. ಆ ಬಳಿಕ ಲೆಕ್ಕದ ಪುಸ್ತಕದಲ್ಲಿ ನಡೆಯುವ ವ್ಯವಹಾರವೆಲ್ಲ ಸಂಖ್ಯೆಯ ಮೇಲೆಯೇ ಹೊರತು ಗೂಡನ್ನು ಕಂಡಲ್ಲ. ರೈಬೋಸೋಮೂ ಹಾಗೆಯೇ. ಅದು ಪ್ರತಿಕೋಡಾನ್ ಸರಿಯಿದೆಯೇ ಎಂದು ನೋಡುತ್ತದೆಯೇ ಹೊರತು, ಇನ್ನೊಂದು ತುದಿಯಲ್ಲಿರುವ ಅಮೈನೋ ಆಮ್ಲ ಯಾವುದೆಂದು ಪರೀಕ್ಷಿಸುವುದಿಲ್ಲ. 1962ರಲ್ಲಿ ಫ್ರಾಂಸ್ವಾ ಶಾಪ್‌ವಿಲ್ ಮತ್ತು ಸಂಗಡಿಗರು ಇದನ್ನು ಸಾಬೀತುಪಡಿಸಿದರು. ಸಿಸ್ಟೀನ್ ಹೊತ್ತಿದ್ದ ಸಾಗಣೆ ಆರ್‌ಎನ್‌ಎಯನ್ನು ತೆಗೆದುಕೊಂಡು, ಅದರ ಮೇಲಿದ್ದ ಸಿಸ್ಟೀನನ್ನು ರಾಸಾಯನಿಕವಾಗಿ ಅಲನೀನಾಗಿ ಬದಲಿಸಿದರು. ಯಂತ್ರಕ್ಕೆ ಈ ಬದಲಾವಣೆ ತಿಳಿಯಲೇ ಇಲ್ಲ. ಸಿಸ್ಟೀನ್ ಬರಬೇಕಾದ ಎಡೆಯಲ್ಲಿ ಅಲನೀನನ್ನು ಪೋಣಿಸಿಬಿಟ್ಟಿತು.

ಅಂದಮೇಲೆ ಸರಿಯಾದ ಸಂಖ್ಯೆಗೆ ಸರಿಯಾದ ಸರಕನ್ನು ಅಂಟಿಸುವ ಹೊಣೆ ಯಾರದು? ಅದಕ್ಕೆಂದೇ ಬೇರೆ ಕಿಣ್ವಗಳಿವೆ. ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಕಿಣ್ವ. ಅದು ಕೋಶದ ಇಂಧನವಾದ ಎಟಿಪಿಯನ್ನು ವ್ಯಯಿಸಿ ತನ್ನ ಅಮೈನೋ ಆಮ್ಲವನ್ನು ತನ್ನದೇ ಸಾಗಣೆ ಆರ್‌ಎನ್‌ಎಗೆ ಜೋಡಿಸುತ್ತದೆ. ಇವುಗಳಲ್ಲಿ ಕೆಲವು ಕಿಣ್ವಗಳು ತಪ್ಪಾಗಿ ಜೋಡಿಸಿದ್ದನ್ನು ತಾವೇ ಕಿತ್ತುಹಾಕುತ್ತವೆ. ಅನುವಾದ ಶುದ್ಧವಾಗಿರುವುದು ಇವುಗಳ ಪ್ರಾಮಾಣಿಕತೆಯಿಂದ.

ರೈಬೋಸೋಮಿನ ಮೂರು ಕೋಣೆಗಳು

ರೈಬೋಸೋಮು ಚಿಕ್ಕದು, ದೊಡ್ಡದು ಎಂಬ ಎರಡು ಹೋಳುಗಳ ಯಂತ್ರ. ಹುಳುವಿನಲ್ಲಾಗಲಿ ನಮ್ಮಲ್ಲಾಗಲಿ ಅದು ಸುಮಾರು 80 ಪ್ರೋಟೀನುಗಳಿಂದಲೂ ತನ್ನದೇ ಆದ ಆರ್‌ಎನ್‌ಎಗಳಿಂದಲೂ ಕೂಡಿದೆ. ಕೆಲಸ ಆರಂಭವಾಗುವಾಗ ಚಿಕ್ಕ ಹೋಳು ಸಂದೇಶದ ಎಳೆಯನ್ನು ಹಿಡಿದು 'ಎಯುಜಿ' ಎಂಬ ಆರಂಭದ ಕೋಡಾನನ್ನು ಹುಡುಕುತ್ತದೆ. ಮೆಥಿಯೊನೀನ್ ಹೊತ್ತ ವಿಶೇಷ ಸಾಗಣೆ ಆರ್‌ಎನ್‌ಎ ಅಲ್ಲಿ ಕೂತೊಡನೆ ದೊಡ್ಡ ಹೋಳು ಬಂದು ಮುಚ್ಚಿಕೊಳ್ಳುತ್ತದೆ. ಆರಂಭಕ್ಕೆಂದೇ ಮೀಸಲಾದ ಈ ಅಣುವಿನ ಕಾಂಡದಲ್ಲಿ ಒತ್ತಾಗಿ ಮೂರು ಜಿ–ಸಿ ಜೋಡಿಗಳಿರುವುದು ಅದರ ಗುರುತು. ಬ್ಯಾಕ್ಟೀರಿಯಾದಲ್ಲಿ ಈ ಗುರುತಿನ ಮಹತ್ವವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರ ತಂಡ ದೀರ್ಘಕಾಲ ಅಧ್ಯಯನ ಮಾಡಿದೆ.

ರೈಬೋಸೋಮಿನೊಳಗೆ ಸಾಲಾಗಿ ಮೂರು ಕೋಣೆಗಳಿವೆ. ಮೊದಲನೆಯದು ಆಗಮನದ ಕೋಣೆ, ನಡುವಿನದು ಬೆಳೆಯುವ ಸರವನ್ನು ಹಿಡಿದಿರುವ ಕೋಣೆ, ಮೂರನೆಯದು ನಿರ್ಗಮನದ ಕೋಣೆ. ಹೊಸ ಮಣಿ ಹೊತ್ತ ಸಾಗಣೆ ಆರ್‌ಎನ್‌ಎ ಮೊದಲ ಕೋಣೆಗೆ ಬರುತ್ತದೆ. ಪ್ರತಿಕೋಡಾನ್ ಹೊಂದದಿದ್ದರೆ ಹಿಂದಿರುಗುತ್ತದೆ; ಹೊಂದಿದರೆ ನಿಲ್ಲುತ್ತದೆ. ಆಗ ನಡುವಿನ ಕೋಣೆಯಲ್ಲಿರುವ ಸರ ಪೂರ್ತಿಯಾಗಿ ಕಳಚಿ ಹೊಸ ಮಣಿಯ ಮೇಲೆ ಬಂದು ಕೂರುತ್ತದೆ. ಅನಂತರ ರೈಬೋಸೋಮು ಸಂದೇಶದ ಮೇಲೆ ಮೂರು ಅಕ್ಷರಗಳಷ್ಟು ಮುಂದೆ ಸರಿಯುತ್ತದೆ. ಬರಿದಾದ ಸಾಗಣೆ ಆರ್‌ಎನ್‌ಎ ನಿರ್ಗಮನದ ಕೋಣೆಯ ಮೂಲಕ ಹೊರಬಿದ್ದು, ಮತ್ತೊಂದು ಮಣಿಯನ್ನು ತರಲು ಹೋಗುತ್ತದೆ. 'ನಿಲ್ಲಿಸು' ಎಂಬ ಕೋಡಾನ್ ಬಂದಾಗ ಅದಕ್ಕೆ ಹೊಂದುವ ಸಾಗಣೆ ಆರ್‌ಎನ್‌ಎ ಇರುವುದಿಲ್ಲ. ಅದರ ಬದಲಿಗೆ ಬಿಡುಗಡೆಯ ಪ್ರೋಟೀನೊಂದು ಬಂದು ಸರವನ್ನು ಕತ್ತರಿಸಿ ಬಿಡುತ್ತದೆ.

ಈ ಯಂತ್ರದ ಅಣುಮಟ್ಟದ ಚಿತ್ರ ದೊರೆತದ್ದು 2000ದ ಸುಮಾರಿಗೆ. ಚಿಕ್ಕ ಹೋಳು ಹೊಂದಿಕೆಯನ್ನು ಹೇಗೆ ಪರೀಕ್ಷಿಸುತ್ತದೆಂದು ತೋರಿಸಿದವರು ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್. ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೋನಾಥ್ ಅವರೊಂದಿಗೆ 2009ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಅವರು ಹಂಚಿಕೊಂಡರು. ಮಣಿಗೆ ಮಣಿಯನ್ನು ಬೆಸೆಯುವ ಎಡೆಯಲ್ಲಿ ಪ್ರೋಟೀನಿಲ್ಲ, ಆರ್‌ಎನ್‌ಎಯೇ ಇದೆ ಎಂಬುದು ಈ ಚಿತ್ರಗಳಿಂದ ಖಚಿತವಾದ ಸೋಜಿಗದ ಸಂಗತಿ. ಪ್ರೋಟೀನುಗಳನ್ನೆಲ್ಲ ಹುಟ್ಟಿಸುವ ಯಂತ್ರದ ಹೃದಯ ಸ್ವತಃ ಪ್ರೋಟೀನಲ್ಲ.

ಒಂದು ಫೈಬ್ರಾಯಿನಿನ ಲೆಕ್ಕ

ಇನ್ನು ರೇಷ್ಮೆಗೆ ಬರೋಣ. ಫೈಬ್ರಾಯಿನಿನ ದೊಡ್ಡ ಸರದಲ್ಲಿರುವ ಅಮೈನೋ ಆಮ್ಲಗಳು 5,263. ಇದರ ಪೂರ್ಣ ಕ್ರಮ ಪ್ರಕಟವಾದದ್ದು 2000ದಲ್ಲಿ. ಅದರಲ್ಲಿ ಪ್ರತಿ ನೂರು ಮಣಿಗೆ ಸುಮಾರು 46 ಗ್ಲೈಸೀನ್, 30 ಅಲನೀನ್, 12 ಸೆರೀನ್, 5 ಟೈರೊಸೀನ್. ಉಳಿದ ಹದಿನಾರು ಬಗೆಗಳಿಗೆಲ್ಲ ಸೇರಿ ಏಳರಷ್ಟು ಜಾಗ. ಗ್ಲೈಸೀನ್, ಅಲನೀನ್, ಗ್ಲೈಸೀನ್, ಅಲನೀನ್, ಗ್ಲೈಸೀನ್, ಸೆರೀನ್ ಎಂಬ ಆರು ಮಣಿಗಳ ವರಸೆ ಮತ್ತೆ ಮತ್ತೆ ಬರುತ್ತದೆ. ಗ್ಲೈಸೀನ್ ಮತ್ತು ಅಲನೀನ್ ಅತ್ಯಂತ ಚಿಕ್ಕ ಅಮೈನೋ ಆಮ್ಲಗಳಾದುದರಿಂದ ಸರಗಳು ಒಂದಕ್ಕೊಂದು ಒತ್ತಾಗಿ ಹೊಂದಿಕೊಂಡು ಹಾಳೆಗಳಂತೆ ಜೋಡಣೆಯಾಗುತ್ತವೆ. ರೇಷ್ಮೆಯ ಬಲ ಮುಖ್ಯವಾಗಿ ಬರುವುದು ಈ ಜೋಡಣೆಯಿಂದಲೇ.

ನಮ್ಮಂಥ ಜೀವಿಗಳ ರೈಬೋಸೋಮು ಸೆಕೆಂಡಿಗೆ ಸರಿಸುಮಾರು ಆರು ಮಣಿಗಳನ್ನು ಪೋಣಿಸುತ್ತದೆ. ಅದೇ ವೇಗವನ್ನು ಹಿಡಿದರೆ ಫೈಬ್ರಾಯಿನಿನ ಒಂದು ದೊಡ್ಡ ಸರಕ್ಕೆ ಸುಮಾರು ಕಾಲು ಗಂಟೆ ಬೇಕು. ಒಂದೊಂದು ಮಣಿಗೂ ಇಂಧನದ ನಾಲ್ಕು ಫಾಸ್ಫೇಟ್ ಬಂಧಗಳು ಖರ್ಚಾಗುತ್ತವೆ. ಹಾಗಾಗಿ ಸರವೊಂದಕ್ಕೆ 21 ಸಾವಿರ ಬಂಧಗಳ ವೆಚ್ಚ. ಆದರೆ ಒಂದು ಸಂದೇಶದ ಮೇಲೆ ಒಂದೇ ರೈಬೋಸೋಮು ಇರುವುದಿಲ್ಲ. ಒಂದರ ಹಿಂದೊಂದರಂತೆ ಹಲವು ಸಾಲುಗಟ್ಟಿ, ಎಲ್ಲವೂ ಏಕಕಾಲಕ್ಕೆ ಒಂದೊಂದು ಸರವನ್ನು ಪೋಣಿಸುತ್ತಿರುತ್ತವೆ. 1972ರಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯಲ್ಲಿ ಯೋಶಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ ಅವರ ತಂಡ ಇದರ ಲೆಕ್ಕ ಹಾಕಿತು. ಕೊನೆಯ ನಾಲ್ಕು ದಿನಗಳಲ್ಲಿ ಒಂದು ಫೈಬ್ರಾಯಿನ್ ವಂಶವಾಹಿಯಿಂದ ಹತ್ತು ಸಾವಿರದಷ್ಟು ಸಂದೇಶಗಳು, ಒಂದೊಂದು ಸಂದೇಶದಿಂದ ಲಕ್ಷದಷ್ಟು ಫೈಬ್ರಾಯಿನ್ ಅಣುಗಳು, ಅಂದರೆ ಒಂದೇ ವಂಶವಾಹಿಯಿಂದ ನೂರು ಕೋಟಿ ಅಣುಗಳು ಹುಟ್ಟುತ್ತವೆ ಎಂಬುದು ಅವರ ಅಂದಾಜು.

ಹುಳು ಜ್ವರಕ್ಕೆ ಕೂತಾಗ ಈ ಸಂದೇಶಗಳ ತಯಾರಿಕೆ ನಿಂತುಹೋಗುತ್ತದೆ. ಜ್ವರ ಬಿಟ್ಟು ಸೊಪ್ಪು ತಿನ್ನತೊಡಗಿದಾಗ ಮತ್ತೆ ಆರಂಭವಾಗುತ್ತದೆ.

ಬೇಡಿಕೆಗೆ ತಕ್ಕ ಪೂರೈಕೆ

ಸರದ ಮುಕ್ಕಾಲು ಪಾಲು ಗ್ಲೈಸೀನ್ ಮತ್ತು ಅಲನೀನ್ ಆದಮೇಲೆ ಅವನ್ನು ಹೊರುವ ಸಾಗಣೆ ಆರ್‌ಎನ್‌ಎಗಳೂ ಅದೇ ಪ್ರಮಾಣದಲ್ಲಿ ಬೇಕಲ್ಲವೇ? ಇಲ್ಲದಿದ್ದರೆ ರೈಬೋಸೋಮು ಹೆಜ್ಜೆ ಹೆಜ್ಜೆಗೂ ನಿಂತು ಕಾಯಬೇಕಾದೀತು. ರೇಷ್ಮೆ ನೇಯ್ಗೆಗೆ ಹೆಸರಾದ ಫ್ರಾನ್ಸಿನ ಲಿಯಾನ್ ನಗರದ ವಿಜ್ಞಾನಿ ಗಾರೆಲ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಇದನ್ನು ಅಳೆದು ನೋಡಿದರು. ಫೈಬ್ರಾಯಿನ್ ತಯಾರಿಕೆ ಭರದಿಂದ ಸಾಗುವ ದಿನಗಳಲ್ಲಿ ಗ್ರಂಥಿಯ ಹಿಂಭಾಗದಲ್ಲಿ ಗ್ಲೈಸೀನ್, ಅಲನೀನ್, ಸೆರೀನ್ ಹೊರುವ ಸಾಗಣೆ ಆರ್‌ಎನ್‌ಎಗಳ ಪಾಲು ಏರಿ, ಫೈಬ್ರಾಯಿನಿನ ಬೇಡಿಕೆಗೆ ಸಮನಾಗಿ ನಿಂತಿತ್ತು. ಅಲನೀನಿಗಂತೂ ರೇಷ್ಮೆ ಗ್ರಂಥಿಗೇ ವಿಶಿಷ್ಟವಾದ ಒಂದು ಸಾಗಣೆ ಆರ್‌ಎನ್‌ಎ ಇರುವುದು 1977ರಲ್ಲಿ ಅಮೆರಿಕದ ಕರೆನ್ ಸ್ಪ್ರೇಗ್ ಮತ್ತು ಸಂಗಡಿಗರಿಂದ ತಿಳಿದುಬಂತು.

ಈ ಹೊಂದಾಣಿಕೆ ಇನ್ನೂ ಸೂಕ್ಷ್ಮವಾದುದು. ಗ್ಲೈಸೀನಿಗೆ ನಾಲ್ಕು ಕೋಡಾನುಗಳಿದ್ದರೂ ಫೈಬ್ರಾಯಿನಿನ ಸಂದೇಶದಲ್ಲಿ ಹೆಚ್ಚಾಗಿ ಬರುವುವು ಜಿಜಿಯು ಮತ್ತು ಜಿಜಿಎ ಎಂಬ ಎರಡೇ. ಅಲನೀನಿಗೆ ಜಿಸಿಯು, ಸೆರೀನಿಗೆ ಯುಸಿಎ ಅದರ ಮೆಚ್ಚಿನ ಪದಗಳು. ಆ ಪದಗಳನ್ನು ಓದಬಲ್ಲ ಸಾಗಣೆ ಆರ್‌ಎನ್‌ಎಗಳೇ ಗ್ರಂಥಿಯಲ್ಲಿ ಹೇರಳ.

ಈ ಹೇರಳತೆ ಹೇಗೆ ಉಂಟಾಗುತ್ತದೆ ಎಂಬುದನ್ನು ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಕೆ. ಪಿ. ಗೋಪಿನಾಥನ್ ಅವರ ತಂಡ ಸೇರಿದೆ. ಗ್ಲೈಸೀನ್ ಹೊರುವ ಒಂದು ಸಾಗಣೆ ಆರ್‌ಎನ್‌ಎಗೆ ರೇಷ್ಮೆ ಹುಳುವಿನಲ್ಲಿ ಒಂದೇ ವಂಶವಾಹಿಯಿಲ್ಲ, ಹಲವು ಪ್ರತಿಗಳಿವೆ. ಆದರೆ ಎಲ್ಲ ಪ್ರತಿಗಳೂ ಸಮನಾಗಿ ದುಡಿಯುವುದಿಲ್ಲ. ಯಾವುದು ಎಷ್ಟು ದುಡಿಯಬೇಕೆಂಬುದನ್ನು ಅದರ ಅಕ್ಕಪಕ್ಕದ ಡಿಎನ್‌ಎ ಬರಹ ನಿರ್ಧರಿಸುತ್ತದೆ ಎಂದು ಈ ತಂಡ ತೋರಿಸಿತು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಗ್ರಂಥಿಯ ಹಿಂಭಾಗದ ಈ ನಿಯಂತ್ರಣದ ಬಗ್ಗೆ ಅವರ ಪ್ರಬಂಧ ಪ್ರಕಟವಾಯಿತು. ನಮ್ಮ ರೈತರ ತಟ್ಟೆಗಳಲ್ಲಿ ಮೇಯುವ ಹುಳು, ರಾಮನಗರದಿಂದ ಐವತ್ತು ಕಿಲೋಮೀಟರಿನ ಆಸುಪಾಸಿನ ಪ್ರಯೋಗಾಲಯದಲ್ಲಿ ಜೀವವಿಜ್ಞಾನದ ಪಾಠವಾದುದು ಹೀಗೆ.

ಹಾಲುತೊಂಡೆಗೆ ಮದ್ದೇಕಿಲ್ಲ?

ಈ ತಿಳಿವಳಿಕೆಯಿಂದ ರೈತನಿಗೇನು ಪ್ರಯೋಜನ ಎಂದು ಕೇಳಬಹುದು. ಹುಳು ಸಾಕುವವರನ್ನು ಕಾಡುವ ಹಾಲುತೊಂಡೆ ರೋಗವನ್ನೇ ನೋಡೋಣ. ಮೈ ಉಬ್ಬಿ, ಚರ್ಮ ಹೊಳೆದು, ಮುಟ್ಟಿದರೆ ಹಾಲಿನಂಥ ದ್ರವ ಸುರಿಸಿ ಹುಳು ಸಾಯುವ ಈ ರೋಗಕ್ಕೆ ಕಾರಣ ಒಂದು ವೈರಸ್. ವೈರಸ್ಸಿಗೆ ತನ್ನದೇ ರೈಬೋಸೋಮು ಇಲ್ಲ. ಅದು ಹುಳುವಿನ ಕೋಶವನ್ನು ಹೊಕ್ಕು ತನ್ನ ಸಂದೇಶಗಳನ್ನು ಹುಳುವಿನ ರೈಬೋಸೋಮುಗಳಿಗೆ ಓದಿಸುತ್ತದೆ. ಹುಳುವಿನ ಸಾಗಣೆ ಆರ್‌ಎನ್‌ಎಗಳೇ ಮಣಿಗಳನ್ನು ತಂದುಕೊಡುತ್ತವೆ. ಹೀಗೆ ಪಾಲಿಹೆಡ್ರಿನ್ ಎಂಬ ವೈರಸ್ಸಿನ ಪ್ರೋಟೀನು ರಾಶಿರಾಶಿಯಾಗಿ ತಯಾರಾಗಿ ಹರಳುಗಟ್ಟುತ್ತದೆ. ದ್ರವ ಹಾಲಿನಂತೆ ಕಾಣುವುದು ಈ ಹರಳುಗಳಿಂದಲೇ. ಹುಳು ತಿಂದ ಸೊಪ್ಪು ರೇಷ್ಮೆಯಾಗುವ ಬದಲು ರೋಗವಾಗುತ್ತದೆ.

ಬ್ಯಾಕ್ಟೀರಿಯಾದ ಮಾತು ಬೇರೆ. ಅದರ ರೈಬೋಸೋಮು ಅದರದೇ, ರಚನೆಯಲ್ಲಿ ನಮ್ಮದಕ್ಕಿಂತ ಭಿನ್ನ. ಟೆಟ್ರಾಸೈಕ್ಲಿನ್, ಸ್ಟ್ರೆಪ್ಟೊಮೈಸಿನ್, ಎರಿತ್ರೊಮೈಸಿನ್‌ನಂಥ ಔಷಧಗಳು ಬ್ಯಾಕ್ಟೀರಿಯಾದ ರೈಬೋಸೋಮಿನ ಕೆಲಸಕ್ಕೆ ಅಡ್ಡಿಪಡಿಸಿ ನಮ್ಮದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಆದರೆ ವೈರಸ್ ಬಳಸುವುದು ಹುಳುವಿನ ಯಂತ್ರವನ್ನೇ. ಆ ಯಂತ್ರವನ್ನು ನಿಲ್ಲಿಸಿದರೆ ಹುಳುವೇ ನಿಲ್ಲುತ್ತದೆ. ವೈರಸ್ಸಿನಿಂದ ಬರುವ ನೆಗಡಿಗೆ ಇಂಥ ಔಷಧ ಬೇಡವೆಂದು ವೈದ್ಯರು ಹೇಳುವುದೂ, ಹಾಲುತೊಂಡೆ ತಗುಲಿದ ಹುಳುವಿಗೆ ಇವುಗಳಿಂದ ಗುಣವಾಗದಿರುವುದೂ ಒಂದೇ ಕಾರಣಕ್ಕೆ. ಆದುದರಿಂದ ರೋಗ ಬಾರದಂತೆ ತಡೆಯುವುದೇ ದಾರಿ: ಹುಳು ಮನೆಯನ್ನೂ ತಟ್ಟೆ, ಚಂದ್ರಿಕೆಗಳನ್ನೂ ಪ್ರತಿ ಬೆಳೆಗೆ ಮುನ್ನ ಸೋಂಕುಮುಕ್ತಗೊಳಿಸುವುದು, ಬ್ಲೀಚಿಂಗ್ ಪುಡಿ ಮತ್ತು ಸುಣ್ಣವನ್ನು ಸರಿಯಾದ ಪ್ರಮಾಣದಲ್ಲಿ ಬಳಸುವುದು, ರೋಗದ ಹುಳುವನ್ನು ಕಂಡೊಡನೆ ಆರಿಸಿ ತೆಗೆದು ನಾಶಪಡಿಸುವುದು. ಪ್ರೋಟೀನಿನ ಹರಳಿನೊಳಗೆ ರಕ್ಷಿತವಾಗಿರುವ ವೈರಸ್ ಧೂಳಿನಲ್ಲಿ ದೀರ್ಘಕಾಲ ಉಳಿಯಬಲ್ಲುದಾದುದರಿಂದ ಒಂದು ಬೆಳೆಯ ಅಲಕ್ಷ್ಯದ ಬೆಲೆಯನ್ನು ಮುಂದಿನ ಬೆಳೆ ತೆರಬೇಕಾಗುತ್ತದೆ.

ವೈರಸ್ಸಿನ ಈ ಕಪಟವನ್ನೇ ಮನುಷ್ಯ ತನ್ನ ಉಪಯೋಗಕ್ಕೆ ತಿರುಗಿಸಿಕೊಂಡದ್ದೂ ಉಂಟು. ಪಾಲಿಹೆಡ್ರಿನ್ ವಂಶವಾಹಿಯ ಎಡೆಯಲ್ಲಿ ಮನುಷ್ಯನ ಇಂಟರ್‌ಫೆರಾನ್ ವಂಶವಾಹಿಯನ್ನು ಕೂರಿಸಿ, ರೇಷ್ಮೆ ಹುಳುವಿನ ದೇಹದಲ್ಲಿಯೇ ಅದನ್ನು ತಯಾರಿಸಿ ತೋರಿಸಿದವರು ಜಪಾನಿನ ವಿಜ್ಞಾನಿಗಳು, ಅದು 1985ರಲ್ಲಿ. ಕೋಡಾನಿನ ನಿಘಂಟು ಹುಳುವಿಗೂ ಮನುಷ್ಯನಿಗೂ ಒಂದೇ ಆದುದರಿಂದ ಹುಳುವಿನ ರೈಬೋಸೋಮು ನಮ್ಮ ಬರಹವನ್ನೂ ತಪ್ಪಿಲ್ಲದೆ ಓದಿತು.

ಸೊಪ್ಪಿನ ವಿಷಯವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಫೈಬ್ರಾಯಿನಿನ ಮಣಿಗಳಿಗೆ ಬೇಕಾದ ಸಾರಜನಕದ ಬಹುಪಾಲು ಬರುವುದು ಹಿಪ್ಪುನೇರಳೆ ಎಲೆಯ ಪ್ರೋಟೀನಿನಿಂದ. ಎಲೆಯ ಪ್ರೋಟೀನು ಹೊಟ್ಟೆಯಲ್ಲಿ ಬಿಡಿ ಮಣಿಗಳಾಗಿ ಒಡೆದು, ಅವುಗಳಲ್ಲಿ ಕೆಲವು ಹಾಗೆಯೇ, ಕೆಲವು ಗ್ಲೈಸೀನ್, ಅಲನೀನ್‌ಗಳಾಗಿ ಮಾರ್ಪಟ್ಟು ಗ್ರಂಥಿಗೆ ಸೇರುತ್ತವೆ. ನಾಲ್ಕನೇ ಜ್ವರ ಬಿಟ್ಟ ಮೇಲೆ ಸೊಪ್ಪು ಸಾಲದೆ ಹೋದರೆ, ಅಥವಾ ಬಾಡಿದ, ಬಲಿತ ಸೊಪ್ಪೇ ಹುಳುವಿನ ಪಾಲಾದರೆ, ಸಂದೇಶಗಳು ಸಿದ್ಧವಾಗಿದ್ದರೂ ಪೋಣಿಸಲು ಮಣಿಗಳಿರುವುದಿಲ್ಲ. ಸಾಗಣೆ ಆರ್‌ಎನ್‌ಎಗಳು ಬರಿಗೈಯಲ್ಲಿ ಓಡಾಡುತ್ತವೆ, ರೈಬೋಸೋಮುಗಳು ಕಾಯುತ್ತವೆ, ಗೂಡು ತೆಳ್ಳಗಾಗುತ್ತದೆ. ಆ ಏಳೆಂಟು ದಿನಗಳಲ್ಲಿ ಆದ ಕೊರತೆಯನ್ನು ಆಮೇಲೆ ತುಂಬಿಕೊಡುವ ಅವಕಾಶ ಹುಳುವಿಗೆ ಇಲ್ಲ. ಚಂದ್ರಿಕೆಗೆ ಏರಿದ ಹುಳು ಮತ್ತೆ ಸೊಪ್ಪು ಮುಟ್ಟುವುದಿಲ್ಲ. ಹೊತ್ತು ಹೊತ್ತಿಗೆ ಹಸಿ ಸೊಪ್ಪು ಹಾಕಬೇಕೆಂಬ ಹಿರಿಯರ ಕಟ್ಟುನಿಟ್ಟಿನ ಮಾತು ವಿಜ್ಞಾನದ ಲೆಕ್ಕಕ್ಕೂ ಸರಿಹೊಂದುತ್ತದೆ.